ಕಿವಿಯಿಲ್ಲದ ಅಂತರಿಕ್ಷ ನೌಕೆ

ನಮ್ಮ ಮೂರನೇ ಮಹಡಿಯ ಒಟಾಕರ್ ಪೊಸ್ಪಿಶಿಲ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆ ಶುರುವಾದ ಮೇಲೆ ಹೇಳಲು ನನಗೆ ಧೈರ್ಯ ಬರಲಿಕ್ಕಿಲ್ಲ. ಅವನು ಶುರುಮಾಡುವುದು ನಿಜದಿಂದಲೇ. ಆದರೆ ಯೀಸ್ಟ್ ಹಾಕಿದ ಹಿಟ್ಟಿನ ಹಾಗೆ ಅದು ಅವನ ಬಾಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಸಾಕು, ಉಬ್ಬುತ್ತದೆ. ಅವನ ಕೆಲಸ ಲಿಪ್ನಿಕ್ ಊರಿನ ಮನೆಮನೆಗೂ ಹೋಗಿ ನೀರಿನ ಮೀಟರ್ ಓದುವುದು. ಮೀಟರಿನ ಅಂಕಿಯನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯುತ್ತಾನೆ. ದಿನವಿಡೀ ಹಾಗೆ ಬಿಗಿಹಿಡಿದುಕೊಂಡದ್ದರ ಫಲವಾಗಿಯೇ ಸಂಜೆಯ ಹೊತ್ತಿಗೆ ಅವನ ಬಾಯಿ ಕಟ್ಟೆಯೊಡೆಯುತ್ತದೆ ಎಂಬುದು ಅವನ ಎದುರು ಬಾಗಿಲಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಳುತ್ತಿರುವ, ಅಂಚೆ ಹಂಚಿ ನಿವೃತ್ತನಾದ ನನ್ನ ಅಭಿಪ್ರಾಯ.

ಅವನ ಮಗಳು ಹೆಡ್ವಿಕಾಗೆ ಹಿಂದೆ ಒಂದು ಸಂಬಂಧ ಕೂಡಿಬಂದಿತ್ತು. ಆ ಹುಡುಗನ ತಂದೆಯ ಮುಂದೆ ಒಟಾಕರ್ ತಾನು ಬೆಟ್ಟ ಹತ್ತುವುದರಲ್ಲಿ ಪಳಗಿದವನೆಂದು ಹೇಳಿಕೊಂಡ. ಆ ತಂದೆ ನಿಜವಾಗಿ ಬೆಟ್ಟ ಹತ್ತುವವನು. ಮರುವಾರವೇ ಸೊಂಟಕ್ಕೆ ಹಗ್ಗ ಬಿಗಿದು ಕರೆದುಕೊಂಡು ಹೋದ. ಒಟಾಕರನನ್ನು ಬಂಡೆಯ ನಡುಮಧ್ಯದಿಂದ ನಮ್ಮೂರ ಅಗ್ನಿಶಾಮಕ ದಳದವರು ಇಳಿಸಿಕೊಂಡು ಬಂದರು. ಆ ಸಂಬಂಧ ಮುರಿದದ್ದು ಬೇರೆ ಕಾರಣಕ್ಕೆ ಎಂದು ಒಟಾಕರ್ ಇವತ್ತಿಗೂ ವಾದಿಸುತ್ತಾನೆ. ಕೇಳುವವರು ಯಾರು?

ಹೀಗಾಗಿ ಈಗಿನ ಹುಡುಗ ಶ್ತೆಪಾನನ ಮನೆಗೆ ಮೊದಲ ಸಲ ಊಟಕ್ಕೆ ಹೊರಟಾಗ ಹೆಡ್ವಿಕಾ ಮೆಟ್ಟಿಲ ಮೇಲೇ ಅಪ್ಪನನ್ನು ತಡೆದು ನಿಲ್ಲಿಸಿದಳು. ನನ್ನ ಬಾಗಿಲು ಅರ್ಧ ತೆರೆದಿತ್ತು. ಅದು ಸಾಮಾನ್ಯವಾಗಿ ತೆರೆದೇ ಇರುತ್ತದೆ.

"ಅಪ್ಪಾ, ನಂಗೆ ಮಾತು ಕೊಡು. ನಿನ್ನ ಬಗ್ಗೆ ಏನೂ ಹೇಳ್ಬೇಡ."

"ಏನೂ ಹೇಳ್ದೆ ಎರಡು ಗಂಟೆ ಹೇಗೆ ಕೂರ್ಲಿ?"

"ತಿನ್ನು. ಅಮ್ಮನ್ನ ನೋಡು, ಇಪ್ಪತ್ತೆಂಟು ವರ್ಷದಿಂದ ಏನೂ ಹೇಳ್ದೆ ಕೂತಿದಾಳೆ."

"ನಾನು ಹೇಳೋದೆಲ್ಲ ಮನೇಲಿ ಹೇಳ್ತೀನಿ," ಎಂದಳು ಅವನ ಹೆಂಡತಿ ಲಿಬುಶೆ, ಹೂವಿನ ಕಟ್ಟನ್ನು ಇನ್ನೊಂದು ಕೈಗೆ ಬದಲಾಯಿಸುತ್ತ.

ಆ ಊಟಕ್ಕೆ ನಾನು ಹೋಗಿರಲಿಲ್ಲ. ನಡೆದದ್ದನ್ನು ಲಿಬುಶೆಯ ಬಾಯಿಂದ ಕೇಳಿ ಬರೆಯುತ್ತಿದ್ದೇನೆ. ಒಟಾಕರನ ಬಾಯಿಂದ ಕೇಳಿದ್ದರೆ ಇದು ಮೂರು ಸಂಪುಟವಾಗುತ್ತಿತ್ತು.

ಹುಡುಗನ ತಂದೆ ಇಂಜಿನಿಯರ್ ಯರೊಲೀಮ್ ಟೆಸಾರ್. ಅವರನ್ನು ಕಂಡರೆ ಊರೇ ಒಂದು ಹೆಜ್ಜೆ ಹಿಂದೆ ಸರಿದು ಮಾತಾಡಿಸುತ್ತದೆ. ನಾಯಿಗೂ 'ನೀವು ಕೂತ್ಕೊಳ್ಳಿ' ಎನ್ನುತ್ತಾರೆಂದು ಪ್ರತೀತಿ. ಬಾಗಿಲಲ್ಲಿ ಬೂಟು ಕಳಚಿದ ಕೂಡಲೇ ಒಟಾಕರನ ಎಡಗಾಲಿನ ಹೆಬ್ಬೆರಳು ಕಾಲುಚೀಲದಿಂದ ಹೊರಬಂದು ಬೀಗರ ಮನೆಯನ್ನು ನೋಡಿತು. ಅದನ್ನು ಮುಚ್ಚಲು ಬಲಗಾಲನ್ನು ಅದರ ಮೇಲಿಟ್ಟುಕೊಂಡೇ ಅವನು ಬಾತುಕೋಳಿ, ಕೋಸಿನ ಪಲ್ಯ ಎಲ್ಲವನ್ನೂ ತಿಂದ. ಎರಡನೇ ಲೋಟ ಪ್ಲಮ್ ಬ್ರಾಂಡಿ ಒಳಗೆ ಹೋದಾಗ ಮನಸ್ಸು ತುಂಬಿ ಬಂದು, ಎದ್ದು ನಿಂತು, ಮೇಜಿನ ಆಚೆಗೆ ಕೈ ಚಾಚಿ, "ಹೇಗೂ ಬೀಗರಾಗೋರು. ಇನ್ನು ನೀವು ಗೀವು ಯಾಕೆ? ನಾನು ಒಟಾ, ನೀನು ಯರೊಲೀಮ್!" ಎಂದುಬಿಟ್ಟ.

ನಮ್ಮಲ್ಲಿ 'ನೀವು' ಬಿಟ್ಟು 'ನೀನು' ಎನ್ನುವುದಕ್ಕೆ ಒಂದು ಕ್ರಮವಿದೆ. ವಯಸ್ಸಿನಲ್ಲಿ ದೊಡ್ಡವರು ಕೈ ಚಾಚಬೇಕು, ಚಿಕ್ಕವರು ಕಾಯಬೇಕು. ಕೆಲವರು ಕಾಯುತ್ತ ಕಾಯುತ್ತಲೇ ಸಾಯುತ್ತಾರೆ, ಆದರೂ ಕಾಯುತ್ತಾರೆ. ಇಂಜಿನಿಯರ್ ಒಟಾಕರನಿಗಿಂತ ಆರು ವರ್ಷ ದೊಡ್ಡವರು. ಚಾಚಿದ ಕೈಯನ್ನು ಅವರು ಗೊತ್ತಿಲ್ಲದ ಊರಿನ ನಕ್ಷೆ ನೋಡುವಂತೆ ನೋಡಿದರು. ಆಮೇಲೆ ಅದರಲ್ಲಿ ಬ್ರೆಡ್ಡಿನ ಬುಟ್ಟಿ ಇಟ್ಟರು.

ಹೆಡ್ವಿಕಾ ತಟ್ಟೆ ನೋಡಿಕೊಂಡಳು. ಈ ಮೌನವನ್ನು ಏನಾದರೂ ಹಾಕಿ ಮುಚ್ಚಬೇಕಲ್ಲ? ಒಟಾಕರನ ಕಣ್ಣಿಗೆ ಬಿದ್ದದ್ದು ಕಪಾಟಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ, ನಮ್ಮೂರ ಪಕ್ಕದ ಹೆಲ್ಫ್‌ಶ್ಟೀನ್ ಕೋಟೆ. ಇಡೀ ಕೋಟೆ ಕಾಗದದ್ದು. ಅಂಗೈ ಅಗಲದ ಬುರುಜು, ಉಗುರಿನಷ್ಟು ಕಿಟಕಿ.

"ಓಹೋ, ಕಾಗದದ ಮಾದರಿ! ನೀವೂ ಮಾಡ್ತೀರಾ?"

ಆ 'ನೀವೂ' ಎಂಬುದರ ಕೊನೆಯ ದೀರ್ಘವನ್ನು ಕೇಳಿ ಲಿಬುಶೆ ಫೋರ್ಕು ಕೆಳಗಿಟ್ಟಳು.

ಇಂಜಿನಿಯರರ ಮುಖ ಮೊದಲ ಸಲ ಸಡಿಲವಾಯಿತು. "ಊರಿನ ಮಾದರಿ ಸಂಘಕ್ಕೆ ನಾನೇ ಅಧ್ಯಕ್ಷ. ನೀವೂ ಈ ದಾರಿಯವರೇ ಅಂತ ಹೆಡ್ವಿಕಾ ಹೇಳ್ಲೇ ಇಲ್ಲವಲ್ಲ! ಕೋಟೆಗಳಾ, ವಿಮಾನಗಳಾ?"

ಒಟಾಕರ್ ಬೇಗ ಲೆಕ್ಕ ಹಾಕಿದ. ಕೋಟೆ ಎಂದರೆ ಇವರು ಕಿಟಕಿ ಎಣಿಸುತ್ತಾರೆ. ವಿಮಾನ ಎಂದರೆ ರೆಕ್ಕೆ ಅಳೆಯುತ್ತಾರೆ. ಇರುವ ವಸ್ತು ಮಾಡಿದರೆ ತಾನೇ ತಪ್ಪು ಹಿಡಿಯುವುದು? ಇಲ್ಲದ್ದನ್ನು ಮಾಡಿದರೆ ಹಿಡಿಯುವವರು ಯಾರು?

"ಅಂತರಿಕ್ಷ ನೌಕೆಗಳು," ಎಂದ. "ಮುಂದಿನ ಕಾಲದವು. ಇನ್ನೂ ಯಾರೂ ಕಟ್ಟಿಲ್ಲದವು."

"ಯಾರ ವಿನ್ಯಾಸ?"

ಒಂದೇ ಒಂದು ಹೆಸರು ನೆನಪಿಗೆ ಬಂತು. "ನನ್ನದೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಂಜಿನಿಯರ್ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. "ಅಂತರಿಕ್ಷ ನೌಕೆ ವಿನ್ಯಾಸ ಮಾಡೋಕೆ ತುಂಬಾ ಧೈರ್ಯ ಬೇಕು, ಪೊಸ್ಪಿಶಿಲ್ ಅವ್ರೇ," ಎಂದರು ಮೆಲ್ಲಗೆ. "ಎಲ್ಲರಿಗೂ ಆಗಲ್ಲ." ಆಮೇಲೆ ಡೈರಿ ತೆಗೆದು ಬರೆದುಕೊಂಡರು: ಏಪ್ರಿಲ್ ಕೊನೆಯ ಶನಿವಾರ, ಸಂಘದ ವಾರ್ಷಿಕ ಪ್ರದರ್ಶನ, ಕಲ್ಪನಾ ವಿಭಾಗ, ಸ್ವಂತ ವಿನ್ಯಾಸ, ಒ. ಪೊಸ್ಪಿಶಿಲ್. ಆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಯಾರೂ ಹೆಸರು ಕೊಟ್ಟಿರಲಿಲ್ಲವಂತೆ.

ಮರಳಿ ಬರುವಾಗ ಹೆಡ್ವಿಕಾ ಬಸ್ಸಿನಲ್ಲಿ ಅಳಲಿಲ್ಲ, ಬೈಯಲಿಲ್ಲ. ಇಳಿಯುವ ಮುಂಚೆ ಒಂದೇ ಮಾತು ಹೇಳಿದಳು. "ಈ ಹುಡುಗನ್ನ ನಾನು ನಿಜವಾಗ್ಲೂ ಪ್ರೀತಿಸ್ತೀನಿ ಅಪ್ಪಾ. ಇವರ ಮನೇಲಿ ಸುಳ್ಳು ಅನ್ನೋದನ್ನ ಯಾರೂ ನೋಡೇ ಇಲ್ಲ."

ಮರುದಿನ ಬೆಳಿಗ್ಗೆ ಒಟಾಕರ್ ನನ್ನ ಅಡುಗೆಮನೆಯಲ್ಲಿ ಇಂಗು ತಿಂದ ಮಂಗನ ಹಾಗೆ ಕುಳಿತಿದ್ದ.

"ಫೋನ್ ಮಾಡಿ ನಿಜ ಹೇಳ್ಬಿಡೋ," ಎಂದೆ.

"ಹೇಳಿದ್ರೆ ಸುಳ್ಳುಗಾರ ಅಂತಾರೆ."

"ಹೇಳ್ದಿದ್ರೆ?"

"ಐದು ವಾರ ಇದೆ. ಐದು ವಾರದಲ್ಲಿ ನಿಜ ಮಾಡ್ಬಿಡ್ತೀನಿ. ಸುಳ್ಳು ಅಂದ್ರೆ ಏನು? ಸ್ವಲ್ಪ ತಡವಾಗಿ ಬರೋ ನಿಜ."

ಅವನ ಅದೃಷ್ಟ ಮೊದಲ ಮಹಡಿಯಲ್ಲಿತ್ತು. ಅಲ್ಲಿ ವಾಸಿಸುವ ಶ್ರೀಮತಿ ವಾಂಕೋವಾ ನಮ್ಮ ಕಟ್ಟಡದ ಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಭಯ. ಶಾಲೆಯವರ ರದ್ದಿ ಸಂಗ್ರಹಕ್ಕೆಂದು ಅವರು ನೆಲಮಾಳಿಗೆಯಿಂದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಹೊರತಂದು ಮೀಟರಿನ ಪಕ್ಕ ಇಟ್ಟಿದ್ದರು. ಮೀಟರ್ ಓದಲು ಬಗ್ಗಿದ ಒಟಾಕರನಿಗೆ ನಲವತ್ತು ವರ್ಷ ಹಳೆಯ ಒಂದು ಹುಡುಗರ ಪತ್ರಿಕೆ ಸಿಕ್ಕಿತು. ನಡುಪುಟಗಳಲ್ಲಿ ಕತ್ತರಿಸಿ ಅಂಟಿಸುವ ಕಾಗದದ ನೌಕೆ, 'ಸೀಕೊರ್ಕಾ-4'. ಸೀಕೊರ್ಕಾ ಎಂದರೆ ನಮ್ಮ ಕಿಟಕಿಗಳಿಗೆ ಚಳಿಗಾಲದಲ್ಲಿ ಕಾಳು ತಿನ್ನಲು ಬರುವ ಪುಟ್ಟ ಹಕ್ಕಿ. ಕೆಂಪು ಮೂತಿ, ನೀಲಿ ಹೊಟ್ಟೆ, ಒಟ್ಟು ಅರವತ್ತೆರಡು ಭಾಗ, ಪ್ರತಿಯೊಂದಕ್ಕೂ ನಂಬರು. ಕೆಳಗೆ ಸಣ್ಣಕ್ಷರದಲ್ಲಿ 'ವಿನ್ಯಾಸ: ಕೊಮೇತಾ' ಎಂದು ಯಾರದೋ ಕಾವ್ಯನಾಮ. ನಲವತ್ತು ವರ್ಷದ ಹಿಂದಿನ ಹುಡುಗರ ಪತ್ರಿಕೆ ಯಾರಿಗೆ ನೆನಪಿದ್ದೀತು ಎಂದು ಒಟಾಕರ್ ಅದನ್ನು ಕೋಟಿನೊಳಗೆ ಇಳಿಸಿದ. ಹೇಗೆ ಮಾಡಬೇಕೆಂಬ ಸೂಚನೆಯ ಪುಟವೊಂದು ಮಾತ್ರ ಇರಲಿಲ್ಲ. ಅದು ವಾಂಕೋವಾರ ಕಪಾಟಿನಲ್ಲಿ ಸೌತೆಕಾಯಿ ಜಾಡಿಗಳ ಕೆಳಗೆ ಹಾಸಿತ್ತು.

ಸೂಚನೆ ಇಲ್ಲದೆ ಕೆಲಸ ಶುರು ಮಾಡುವುದು ಗಂಡಸರಿಗೆ ಹೊಸದೇನಲ್ಲ. ಲಿಬುಶೆಯ ಉಗುರು ಕತ್ತರಿ, ಹೆಣಿಗೆ ಕಡ್ಡಿ, ಕೇಕಿಗೆ ಬೆಣ್ಣೆ ಹಚ್ಚುವ ಕುಂಚ, ಮೂರೂ ಕಾಣೆಯಾದವು. ಮೊದಲು ಗ್ರಂಥಾಲಯದಲ್ಲಿ ಹಾಳೆಗಳ ನಕಲು ತೆಗೆಸಿ, ಗೋಡೆಕಾಗದ ಅಂಟಿಸುವ ಗಂಜಿಯಿಂದ ಜೋಡಿಸಿದ. ಬೆಳಿಗ್ಗೆ ನೋಡಿದರೆ ನೌಕೆ ಸೂಪಿನಲ್ಲಿ ನೆನೆದ ಬ್ರೆಡ್ಡಿನಂತೆ ಮಲಗಿತ್ತು. ಎರಡನೆಯ ಸಲ ಬೂಟಿನ ಡಬ್ಬದ ರಟ್ಟಿನ ಮೇಲೆ ಅಂಟಿಸಿ ಮಡಚಲು ಹೋದ. ರಟ್ಟು ಮಡಚಲಿಲ್ಲ, ಉಗುರು ಕತ್ತರಿ ಮುರಿಯಿತು. ಮೂರನೆಯ ಸಲ ಅಸಲು ಹಾಳೆಗೇ ಕೈ ಹಾಕಿದ. ಅಲ್ಲಿಯೇ ಅವನು ಆ ಮಹಾ ತಪ್ಪು ಮಾಡಿದ್ದು.

ಕಾಗದದ ಮಾದರಿಯ ಪ್ರತಿ ಭಾಗಕ್ಕೂ ಅಂಚಿನಲ್ಲಿ ಬಿಳಿ ತ್ರಿಕೋನಗಳಿರುತ್ತವೆ. ಅಂಟು ಹಚ್ಚುವುದು ಅವುಗಳಿಗೇ. ಇಲ್ಲಿನವರು ಅವನ್ನು ಕಿವಿ ಎನ್ನುತ್ತಾರೆ. ಆರು ವರ್ಷದ ಮಗುವೂ ಕಿವಿಯನ್ನು ಬಿಟ್ಟು ಕತ್ತರಿಸುತ್ತದೆ. ಒಟಾಕರನ ತರ್ಕ ಬೇರೆಯಾಗಿತ್ತು. ಬಣ್ಣವಿರುವುದು ನೌಕೆ, ಬಣ್ಣವಿಲ್ಲದ್ದು ಅಂಚು, ಅಂಚು ಎಂದರೆ ಕಸ. ಅರವತ್ತೆರಡು ಭಾಗಗಳ ಎಲ್ಲ ಕಿವಿಗಳನ್ನೂ, ಜೊತೆಗೆ ಕೊಮೇತಾನ ಹೆಸರನ್ನೂ, ಒಂದು ವಾರ ಕುಳಿತು ಬಹಳ ನೀಟಾಗಿ ಕತ್ತರಿಸಿ ಎಸೆದ. ಆಮೇಲೆ ಒಂದರ ಪಕ್ಕ ಒಂದು ಇಟ್ಟು ಅಂಟಿಕೊಳ್ಳುತ್ತವೆಂದು ಕಾದ. ಅವು ಅಂಟಿಕೊಳ್ಳಲಿಲ್ಲ.

"ಹಿಡ್ಕೊಳ್ಳೋಕೆ ಏನೂ ಇಲ್ವಲ್ಲೋ ಇದಕ್ಕೆ," ಎಂದೆ ನಾನು.

"ಭವಿಷ್ಯದ ನೌಕೆ. ಭವಿಷ್ಯದಲ್ಲಿ ಹೀಗೇ ಇರುತ್ತೆ," ಎಂದ.

ಕೊನೆಗೆ ದಾರಿ ತೋರಿಸಿದ್ದು ಲಿಬುಶೆ. ಹರಿದ ಅಂಗಿಗೆ ಒಳಗಿನಿಂದ ತೇಪೆ ಹಾಕುವ ಹಾಗೆ ಪ್ರತಿ ಸಂದಿಗೂ ಒಳಗಿನಿಂದ ಕಾಗದದ ಪಟ್ಟಿ ಅಂಟಿಸು ಎಂದಳು. ಮನೆಯಲ್ಲಿ ಹೇರಳವಾಗಿ ಇದ್ದ ಕಾಗದವೆಂದರೆ ಹಳೆಯ ಮೀಟರ್ ಚೀಟಿಗಳು. ಗಂಡ ಹೆಂಡತಿ ಇಬ್ಬರೂ ಭಾನುವಾರಗಳಲ್ಲಿ ಎದುರುಬದುರು ಕುಳಿತರು. ಅವಳು ಪಟ್ಟಿ ಕತ್ತರಿಸುವಳು, ಅವನು ಅಂಟಿಸುವನು. ಬೆರಳುಗಳು ಅಂಟಿಕೊಂಡರೆ ಬಿಸಿನೀರಿನಲ್ಲಿ ಅದ್ದಿ ಬಿಡಿಸಿಕೊಳ್ಳುವರು. ಈ ಇಪ್ಪತ್ತೆರಡು ವರ್ಷದಲ್ಲಿ ಅವರು ಅಷ್ಟು ಹೊತ್ತು ಒಟ್ಟಿಗೆ ಕುಳಿತದ್ದನ್ನು ನಾನು ನೋಡಿರಲಿಲ್ಲ. ಒಂದು ದಿನ ಒಟಾಕರ್ ಶಿಳ್ಳೆ ಹಾಕುವುದು ನನ್ನ ಮನೆಯವರೆಗೂ ಕೇಳಿತು. ನಲವತ್ತಮೂರನೇ ಭಾಗ, ನೌಕೆಯ ನಡುವಿಗೆ ಏರಿಸುವ ಒಂದು ಬಳೆ, ಒಳಪಟ್ಟಿಯನ್ನೂ ಕೇಳದೆ ಒಂದೇ ಸಲಕ್ಕೆ ಏರಿತ್ತು. ಉಳಿದ ಅರವತ್ತೊಂದು ಭಾಗ ಅತ್ತು ಕರೆದು ಏರಿದ್ದವು. ಕೊನೆಗೆ ಮೂತಿಯ ಮೇಲಿದ್ದ 'ಸೀಕೊರ್ಕಾ-4' ಎಂಬುದರ ಮೇಲೆ ಚೀಟಿ ಅಂಟಿಸಿ, ತನ್ನ ಅತಿ ಸುಂದರ ಅಕ್ಷರದಲ್ಲಿ 'ಹೆಡ್ವಿಕಾ-1' ಎಂದು ಬರೆದ.

ಇಷ್ಟರಲ್ಲಿ ಕಿವಿಗಳು ಬೇರೆ ಕಡೆ ಕೆಲಸ ಶುರುಮಾಡಿದ್ದವು. ಅವು ಒಟಾಕರನ ತೋಳಿಗೆ, ಬೂಟಿಗೆ ಅಂಟಿಕೊಂಡು ಮೆಟ್ಟಿಲುಗಳ ಮೇಲೆಲ್ಲ ಉದುರಿದವು. ಶ್ರೀಮತಿ ವಾಂಕೋವಾ ಅವನ್ನು ಒಂದೊಂದಾಗಿ ಆರಿಸಿ ಜಾಮಿನ ಜಾಡಿಯೊಂದರಲ್ಲಿ ತುಂಬಿ, ಸಾಕ್ಷ್ಯವಾಗಿ ಸಮಿತಿಯ ಸಭೆಗೆ ತಂದು ಮೇಜಿನ ಮೇಲೆ ಕುಟ್ಟಿ ಇಟ್ಟರು.

"ಪೊಸ್ಪಿಶಿಲ್ ಅವ್ರೇ, ಇದೇನಿದು? ನಾಲ್ಕುನೂರ ಹನ್ನೆರಡು ಇವೆ. ಎಣಿಸಿದೀನಿ."

ಒಟಾಕರ್ ಎದ್ದು ನಿಂತ. ಅವನು ಕ್ಷಮೆ ಕೇಳಲೆಂದೇ ಬಾಯಿ ತೆರೆದ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಎದುರಿಗೆ ಮೂವತ್ತು ಜನ ಕುಳಿತಿದ್ದರು.

"ಅಂತರಿಕ್ಷ ನೌಕೆಯ ವಿನ್ಯಾಸದಲ್ಲಿ ಉಳಿದ ತುಣುಕುಗಳು, ಮೇಡಂ. ಇಂಜಿನಿಯರ್ ಟೆಸಾರ್ ಸಾಹೇಬ್ರು ಪ್ರದರ್ಶನಕ್ಕೆ ಕೇಳಿದಾರೆ."

ಟೆಸಾರರ ಹೆಸರು ಕೇಳಿ ವಾಂಕೋವಾ ಜಾಡಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. "ಮನೇಲಿ ವಿನ್ಯಾಸಗಾರರನ್ನ ಇಟ್ಕೊಂಡು ನಾವು ಹೊಸ ಸೈಕಲ್ ಶೆಡ್ಡಿನ ನಕ್ಷೆಗೆ ಓಲೊಮೌಟ್ಸ್ ಪಟ್ಟಣದಿಂದ ಜನ ಕರೆಸ್ತಾ ಇದೀವಲ್ರೀ! ಗಾಳಿಯೇ ಇಲ್ಲದ ಕಡೆ ಓಡೋದನ್ನ ಮಾಡೋರಿಗೆ ನಮ್ಮ ಶೆಡ್ ಯಾವ ಮಹಾ?"

"ಅದೇನ್ಮಹಾ," ಎಂದ ಒಟಾಕರ್.

ಸಭೆ ಕೈ ಎತ್ತಿ ಒಪ್ಪಿತು. ಮಂಗಳವಾರದ ಹೊತ್ತಿಗೆ ಅವನು ವಿನ್ಯಾಸಗಾರನಾಗಿದ್ದ. ಗುರುವಾರ ಜರ್ಮನಿಯವರು ಅವನ ನಕ್ಷೆ ಕೇಳಿದ್ದಾರೆಂದು ಬೇಕರಿಯಲ್ಲಿ ನನಗೇ ಹೇಳಿದರು. ಮೀಟರ್ ಓದಲು ಹೋದ ಮನೆಗಳಲ್ಲಿ ಅವನಿಗೆ ಕುರ್ಚಿ ಕೊಟ್ಟು, ಗಸಗಸೆ ತುಂಬಿದ ಕೊಲಾಚ್ ಕೊಟ್ಟು, ಭೂಮಿಯ ಮೇಲೆ ಇನ್ನೆಷ್ಟು ವರ್ಷ ಬದುಕಬಹುದೆಂದು ವಿಚಾರಿಸತೊಡಗಿದರು. ಪ್ರದರ್ಶನ ಉದ್ಘಾಟಿಸಲು ಉಪಮೇಯರ್ ಬರುವುದಾಗಿ ಪತ್ರ ಬಂತು. ಇದರಲ್ಲಿ ಒಂದೂ ಒಟಾಕರ್ ಹೇಳಿದ್ದಲ್ಲ. ತನ್ನ ಸುಳ್ಳನ್ನು ಬೇರೆಯವರು ಉಬ್ಬಿಸುವುದನ್ನು ಅವನು ಮೊದಲ ಸಲ ನೋಡಿದ. ನೋಡಿ ಹೆದರಿದ. ಊಟ ಕಡಿಮೆಯಾಯಿತು. ಮಾತು ಪೂರ್ತಿ ನಿಂತೇಹೋಯಿತು. ಪಬ್ಬಿನಲ್ಲಿ ನನ್ನ ಎದುರು ಕುಳಿತು ಬಿಯರಿನ ನೊರೆ ಇಳಿಯುವುದನ್ನು ನೋಡುತ್ತಿದ್ದ.

ಪ್ರದರ್ಶನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ. ಬಾಗಿಲಲ್ಲೇ ದಳದ ಮುಖ್ಯಸ್ಥ ಅವನ ಬೆನ್ನು ತಟ್ಟಿ, "ಏನಪ್ಪಾ ಒಟಾ, ಈ ಸಲ ನೆಲದ ಮೇಲೇ ಇದೀಯಲ್ಲ! ಆಕಾಶಕ್ಕೆ ಹೋದ್ರೆ ಮಾತ್ರ ನಮ್ಮ ಏಣಿ ಎಟುಕಲ್ಲ ನೋಡು," ಎಂದ.

ಒಳಗೆ ಸಾಲಾಗಿ ಕೋಟೆಗಳು, ಉಗಿಬಂಡಿಗಳು, ಹಡಗುಗಳು. ಕೊನೆಯ ಮೇಜಿನ ಮೇಲೆ ಒಂಟಿಯಾಗಿ 'ಹೆಡ್ವಿಕಾ-1'. ಸ್ವಲ್ಪ ಎಡಕ್ಕೆ ವಾಲಿತ್ತು. ಸಂದಿಗಳಲ್ಲಿ ಬೆಳಕು ತೂರುತ್ತಿತ್ತು. ಆದರೂ ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಕಂಡಿತು. ಐದು ವಾರ ಕಷ್ಟ ಕಂಡ ಮೇಲೆ ನಾನು ಪಕ್ಷಪಾತಿಯಾಗಿದ್ದೆ.

ಇಂಜಿನಿಯರ್ ಟೆಸಾರ್ ಭೂತಗನ್ನಡಿ ಹಿಡಿದು ಮೇಜಿನಿಂದ ಮೇಜಿಗೆ ಬಂದರು. ನೌಕೆಯ ಮುಂದೆ ನಿಂತವರು ಮುಂದೆ ಹೋಗಲೇ ಇಲ್ಲ. ಬಗ್ಗಿದರು. ಎದ್ದರು. ಮತ್ತೆ ಬಗ್ಗಿದರು. ಒಟಾಕರ್ ಟೈ ಸಡಿಲ ಮಾಡಿಕೊಂಡ.

"ಈ ಕಿಟಕಿಯೊಳಗೆ 'ಬಿಸಿನೀರು' ಅಂತ ಅಚ್ಚಾಗಿದೆಯಲ್ಲ?"

"ಗಗನಯಾತ್ರಿಗಳೂ ಸ್ನಾನ ಮಾಡ್ಬೇಕಲ್ವಾ, ಸಾಹೇಬ್ರೇ."

ಇಂಜಿನಿಯರ್ ನಗಲಿಲ್ಲ. ಅವರ ಬೆರಳು ನೌಕೆಯ ನಡುವಿನ ಬಳೆಯ ಮೇಲೆ ಬಂದು ನಿಂತಿತು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರು. ಮುಖ ಸುಣ್ಣದಂತಾಯಿತು.

"ಈ ಬಳೆ ಏರ್ತಾ?"

"ಏರ್ತು."

"ಒತ್ತದೆ? ಹರೀದೆ?"

"ಒಂದೇ ಸಲಕ್ಕೆ, ಸಾಹೇಬ್ರೇ."

ಅಷ್ಟರಲ್ಲಿ ಉಪಮೇಯರ್ ಮೈಕ್ ಹಿಡಿದು, ಲಿಪ್ನಿಕಿನ ನೀರಿನ ಮೀಟರುಗಳ ನಡುವೆ ಅರಳಿದ ಪ್ರತಿಭೆಯ ಬಗ್ಗೆ, ಸೈಕಲ್ ಶೆಡ್ಡಿನ ಬಗ್ಗೆ, ಜರ್ಮನಿಯ ಬಗ್ಗೆ ಹೇಳತೊಡಗಿದರು. ಜನ ಚಪ್ಪಾಳೆ ತಟ್ಟಿದರು. ವಾಂಕೋವಾ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಗ ಹೆಡ್ವಿಕಾ ಅಪ್ಪನ ಪಕ್ಕಕ್ಕೆ ಬಂದು ಅವನ ತೋಳು ಹಿಡಿದಳು. ನೌಕೆಯ ಮೂತಿಯ ಮೇಲೆ ತನ್ನ ಹೆಸರು ಓದಿ ಅವಳ ಕಣ್ಣು ತುಂಬಿತ್ತು.

"ಅಪ್ಪಾ, ಈ ಸಲ ನೀನು ನಿಜಾನೇ ಹೇಳಿದ್ದೆ. ನಾನೇ ನಂಬಲಿಲ್ಲ. ಕ್ಷಮಿಸ್ಬಿಡು."

ಬಂಡೆಯ ನಡುವೆ ನೇತಾಡುವಾಗಲೂ ಒಟಾಕರನ ಮುಖ ಹಾಗೆ ಆಗಿರಲಿಲ್ಲ ಎಂದು ದಳದ ಮುಖ್ಯಸ್ಥ ಆಮೇಲೆ ಹೇಳಿದ. ಅವನು ಸೀದಾ ಹೋಗಿ ಉಪಮೇಯರರ ಕೈಯಿಂದ ಮೈಕ್ ತೆಗೆದುಕೊಂಡ.

"ಇದು ನನ್ನದಲ್ಲ. ನಾನು ವಿನ್ಯಾಸಗಾರ ಅಲ್ಲ. ಐದು ವಾರದ ಹಿಂದೆ ನಂಗೆ ಕಾಗದ ಮಡಚೋಕೂ ಬರ್ತಿರ್ಲಿಲ್ಲ. ವಾಂಕೋವಾ ಅವ್ರ ರದ್ದೀಲಿ ಸಿಕ್ಕಿದ ಹಳೇ ಪತ್ರಿಕೇದು ಇದು. ಕೆಳಗೆ ಒಬ್ಬರ ಹೆಸರಿತ್ತು, ಬಿಳಿ ಜಾಗದಲ್ಲಿದೆ ಅಂತ ಅದನ್ನೂ ಕತ್ತರಿಸಿ ಬಿಸಾಕಿದೆ. ಅಂಟು ಹಚ್ಚೋ ಕಿವಿಗಳನ್ನೆಲ್ಲ ಕಸ ಅಂದ್ಕೊಂಡೆ. ಒಳಗಿರೋದೆಲ್ಲ ಮೀಟರ್ ಚೀಟಿ. ಆ ಮನುಷ್ಯ ಯಾರೋ, ಎಲ್ಲಿದಾನೋ, ಇದಾನೋ ಇಲ್ವೋ. ಅವನ ಕ್ಷಮೆ ಕೇಳ್ತೀನಿ. ಟೆಸಾರ್ ಸಾಹೇಬ್ರದ್ದೂ. ನನ್ನ ಮಗಳಿಗೆ ಇದರಲ್ಲಿ ಏನೂ ಗೊತ್ತಿಲ್ಲ, ಅವಳು ಚಿನ್ನ. ಸೈಕಲ್ ಶೆಡ್ ಕೂಡ ನನ್ನಿಂದಾಗಲ್ಲ."

ಮೈಕ್ ಕೀಚ್ ಎಂದಿತು. ಎಲ್ಲರೂ ಇಂಜಿನಿಯರರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ತೀರ್ಪುಗಾರರಿಗೆ, "ಇದನ್ನ ಸ್ಪರ್ಧೆಯಿಂದ ತೆಗೀರಿ," ಎಂದರು. ಆಮೇಲೆ ನೌಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಹೆಂಡತಿ ಮಗನನ್ನೂ ಕರೆಯದೆ, ಕೋಟು ಹಾಕಿಕೊಳ್ಳದೆ ಹೊರಗೆ ನಡೆದುಬಿಟ್ಟರು.

ಭಾನುವಾರ ಬೆಳಿಗ್ಗೆ ಪೊಸ್ಪಿಶಿಲರ ಅಡುಗೆಮನೆಯಲ್ಲಿ ಸೂತಕದ ಕಳೆ. ಸಕ್ಕರೆ ಕೇಳುವ ನೆವದಲ್ಲಿ ನಾನೂ ಅಲ್ಲಿದ್ದೆ. ಹೆಡ್ವಿಕಾ ಮೇಜಿನ ಮೇಲೆ ತಲೆಯಿಟ್ಟಿದ್ದಳು. ರಾತ್ರಿ ಫೋನ್ ಮಾಡಿದ ಶ್ತೆಪಾನ್ ಒಂದೇ ವಾಕ್ಯ ಹೇಳಿದ್ದನಂತೆ: 'ಅಪ್ಪ ಕೋಣೆಯ ಬಾಗಿಲು ಹಾಕ್ಕೊಂಡಿದಾರೆ, ತೆಗೀತಾ ಇಲ್ಲ.' ಒಟಾಕರ್ ಮಗಳ ಹಿಂದೆ ನಿಂತು, ಅವಳ ಕೂದಲು ಮುಟ್ಟಲೋ ಬೇಡವೋ ಎಂದು ಕೈ ಚಾಚುತ್ತ ಹಿಂತೆಗೆಯುತ್ತ ಇದ್ದ.

"ನಾನೇ ಹೋಗಿ ಅವರ ಕಾಲು ಹಿಡೀತೀನಿ ಕಣೇ."

"ಬೇಡ ಅಪ್ಪಾ." ಹೆಡ್ವಿಕಾ ತಲೆ ಎತ್ತಿದಳು. "ನಿನ್ನೆ ನಂಗೆ ನಾಚಿಕೆ ಆಗ್ಲಿಲ್ಲ. ಅಷ್ಟು ಜನರ ಮುಂದೆ ನೀನು ಹೇಳಿದೆಯಲ್ಲ, ಆಗ ಆಗ್ಲಿಲ್ಲ. ಅದೇನೋ ಗೊತ್ತಿಲ್ಲ."

ಆಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಇಂಜಿನಿಯರ್ ಟೆಸಾರ್. ಒಂದು ಕೈಯಲ್ಲಿ ನೌಕೆ, ಇನ್ನೊಂದರಲ್ಲಿ ಹಳೆಯ ಬಿಸ್ಕತ್ತಿನ ಡಬ್ಬ. ಬೂಟು ಕಳಚಿದರು. ಒಂದು ಕಾಲುಚೀಲ ಕಪ್ಪು, ಇನ್ನೊಂದು ಕಂದು. ಲಿಬುಶೆ ಅದನ್ನು ನೋಡಿ ಕುರ್ಚಿಯ ಅಂಚು ಹಿಡಿದುಕೊಂಡಳು.

ಅವರು ಮೇಜಿನ ಮುಂದೆ ಕುಳಿತು ಡಬ್ಬ ತೆರೆದರು. ತುಂಬ ಪತ್ರಗಳು, ಹುಡುಗರ ಸೊಟ್ಟ ಅಕ್ಷರದವು.

"ಕೊಮೇತಾ ಅಂದ್ರೆ ನಾನು," ಎಂದರು. "ಇಪ್ಪತ್ತೆರಡು ವರ್ಷ ನಂಗಾಗ."

ಒಟಾಕರ್ ಕುಳಿತುಕೊಳ್ಳಲು ಹೋದ. ಅಲ್ಲಿ ಕುರ್ಚಿ ಇರಲಿಲ್ಲ. ನಾನು ಸಮಯಕ್ಕೆ ಒಂದನ್ನು ತಳ್ಳಿದೆ.

"ಅದೊಂದೇ ನೌಕೆ ನಾನು ಮಾಡಿದ್ದು. ಅಚ್ಚಾದ ವಾರದಿಂದ ಈ ಪತ್ರಗಳು ಶುರುವಾದ್ವು. ಇನ್ನೂರ ಆರು. ಎಲ್ಲದರಲ್ಲೂ ಒಂದೇ ಮಾತು: ನಲವತ್ತಮೂರನೇ ಬಳೆ ಏರ್ತಾ ಇಲ್ಲ. ಬಳೆಯ ಒಳಕ್ಕೆ ಮಡಚೋ ಕಿವಿಗಳು ಎಷ್ಟು ಜಾಗ ತಗೊಳ್ತವೆ ಅನ್ನೋದನ್ನ ನಾನು ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಒಂದು ಮಿಲಿಮೀಟರ್. ಅಷ್ಟಕ್ಕೇ ನೋಡಿ, ಇಡೀ ದೇಶದಲ್ಲಿ ಒಬ್ಬ ಹುಡುಗನ ಕೈಲೂ ನನ್ನ ನೌಕೆ ಪೂರ್ತಿ ಆಗ್ಲಿಲ್ಲ. ಇಲ್ಲಿ, ಕೊಶಿತ್ಸೆಯ ಒಬ್ಬ ಹುಡುಗ ಬಳೇನೇ ಕಳಿಸಿಬಿಟ್ಟಿದಾನೆ. 'ದಯವಿಟ್ಟು ನೀವೇ ಇಟ್ಕೊಳ್ಳಿ, ಇದು ಎಲ್ಲಿಗೂ ಆಗಲ್ಲ' ಅಂತ."

ಅವರು ಮಾಸಿದ ನೀಲಿ ಬಳೆಯೊಂದನ್ನು ಡಬ್ಬದಿಂದ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಸುತ್ತಲೂ ಬಿಳಿ ಕಿವಿಗಳು ಅಚ್ಚುಕಟ್ಟಾಗಿ ಮಡಚಿಕೊಂಡಿದ್ದವು.

"ಅವತ್ತಿಂದ ಕೋಟೆ ಮಾತ್ರ ಮಾಡ್ತೀನಿ. ಕೋಟೆಗೆ ಅಳತೆ ಇದೆ, ಹೋಗಿ ನೋಡಬಹುದು. ತಪ್ಪಾಗಲ್ಲ. ನಲವತ್ತು ವರ್ಷ." ಅವರು ನೌಕೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ನಿನ್ನೆ ಮೊದಲ ಸಲ ಪೂರ್ತಿ ಆದ ಸೀಕೊರ್ಕಾನ ನೋಡಿದೆ. ರಾತ್ರಿ ಪೂರ್ತಿ ನೋಡ್ತಾ ಕೂತಿದ್ದೆ. ಸೊಟ್ಟಗಿದೆ, ಪೊಸ್ಪಿಶಿಲ್ ಅವ್ರೇ. ಭಯಂಕರ ಸೊಟ್ಟಗಿದೆ. ಎಷ್ಟು ಚೆನ್ನಾ..."

ಲಿಬುಶೆ ಅವರ ಮುಂದೆ ಕಾಫಿ ಇಟ್ಟಳು. ಹೆಡ್ವಿಕಾ ಮೂಗು ಒರೆಸಿಕೊಂಡಳು. ಒಟಾಕರ್ ಆ ಹಳೆಯ ಬಳೆಯನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ. "ಇದೂ ಏರುತ್ತೆ, ಸಾಹೇಬ್ರೇ. ಕಿವಿ ಕತ್ತರಿಸ್ಬೇಕು ಅಷ್ಟೇ. ಒಂದೂ ಬಿಡದಂಗೆ."

ಇಂಜಿನಿಯರ್ ಲಿಬುಶೆಯ ಹೊಸ ಉಗುರು ಕತ್ತರಿಯನ್ನು ಕೈಗೆ ತೆಗೆದುಕೊಂಡರು. ಬಳೆಯ ಹತ್ತಿರ ತಂದರು. ಹಿಂದಕ್ಕೆ ತೆಗೆದರು. ಇನ್ನೊಮ್ಮೆ ತಂದರು. ಆಮೇಲೆ ಕತ್ತರಿಯನ್ನು ಕೆಳಗಿಟ್ಟು, ಮೇಜಿನ ಆಚೆಗೆ ಕೈ ಚಾಚಿದರು. ಈ ಸಲ ಬ್ರೆಡ್ಡಿನ ಬುಟ್ಟಿ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ.

"ನಂಗೆ ಕೈ ಬರ್ತಾ ಇಲ್ಲ," ಎಂದರು. "ನೀನು ಕತ್ತರಿಸು, ಒಟಾ."

ಒಟಾಕರ್ ಆ ಕೈಯನ್ನು ಹಿಡಿದುಕೊಂಡ. ಏನೋ ದೊಡ್ಡ ಮಾತು ಹೇಳಲು ಹೊರಟಂತೆ ಉಸಿರೆಳೆದ. ನಾವೆಲ್ಲ ಕಾದೆವು. ಅವನು ಒಂದು ಮಾತೂ ಆಡದೆ ಕತ್ತರಿ ಎತ್ತಿಕೊಂಡು ಕುಳಿತ. ಕಿವಿಗಳು ಒಂದೊಂದಾಗಿ ಲಿಬುಶೆಯ ಮೇಜುಬಟ್ಟೆಯ ಮೇಲೆ ಉದುರಿದವು. ಹನ್ನೆರಡು ಇದ್ದವು. ಹೆಡ್ವಿಕಾ ಮತ್ತು ಶ್ತೆಪಾನರ ಮದುವೆಯ ದಿನ ವಾಂಕೋವಾ ತಮ್ಮ ಜಾಮಿನ ಜಾಡಿ ತಂದು ವಧೂವರರ ಮೇಲೆ ಸುರಿದಾಗ, ಆ ನಾಲ್ಕುನೂರ ಹನ್ನೆರಡರ ಜೊತೆ ಈ ಹನ್ನೆರಡೂ ಇದ್ದವು.